ಮ್ಯಾಜಿಕ್: ದ ಗ್ಯಾದರಿಂಗ್

ಮ್ಯಾಜಿಕ್: ದ ಗ್ಯಾದರಿಂಗ್ ಎಂಬುದು ಕಾರ್ಡುಗಳನ್ನು ಸಂಗ್ರಹಿಸಿ, ಪರಸ್ಪರ ವಿನಿಮಯ ಮಾಡಿಕೊಂಡು ಆಡುವ ಒಂದು ಆಟ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು 1993ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಇಂದು ಟ್ರೇಡಿಂಗ್ ಕಾರ್ಡ್ ಗೇಮ್ ಎಂದು ಕರೆಯಲಾಗುವ ಆಧುನಿಕ ಪ್ರಕಾರವು ಈ ಆಟದಿಂದಲೇ ರೂಢಿಗೆ ಬಂದಿತು. ಪೋಕೆಮಾನ್, ಯು-ಗಿ-ಓ ಮೊದಲಾದ ಕಾರ್ಡ್ ಆಟಗಳು ಇದರ ನಂತರ ಬಂದವು.

ಇಸ್ಪೀಟಿನಲ್ಲಿ ಎಲ್ಲ ಆಟಗಾರರೂ 52 ಎಲೆಗಳ ಒಂದೇ ಕಟ್ಟನ್ನು ಹಂಚಿಕೊಂಡು ಆಡುತ್ತಾರೆ. ಮ್ಯಾಜಿಕ್ ಆಟದಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತನ್ನ ಸಂಗ್ರಹದಿಂದ ಆರಿಸಿದ ಕಾರ್ಡುಗಳಿಂದ ತನ್ನದೇ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾನೆ. ಈ ಕಟ್ಟಿಗೆ ಡೆಕ್ ಎಂದು ಹೆಸರು. ಆದುದರಿಂದ ಆಟವು ಮೇಜಿನ ಮುಂದೆ ಕುಳಿತಾಗ ಅಲ್ಲ, ಡೆಕ್ ಕಟ್ಟುವಾಗಲೇ ಆರಂಭವಾಗುತ್ತದೆ.

ಇತಿಹಾಸ

ಗಾರ್ಫೀಲ್ಡ್ ಮೊದಲು ರೋಬೋರ‍್ಯಾಲಿ ಎಂಬ ಹಲಗೆಯಾಟವೊಂದನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಪೀಟರ್ ಆ್ಯಡ್ಕಿಸನ್ ಅವರ ಮುಂದಿಟ್ಟಿದ್ದರು. ಅದನ್ನು ತಯಾರಿಸುವ ವೆಚ್ಚವು ಆಗಿನ್ನೂ ಚಿಕ್ಕದಾಗಿದ್ದ ಸಂಸ್ಥೆಯ ಶಕ್ತಿಗೆ ಮೀರಿದ್ದಾಗಿತ್ತು. ಆಟಗಾರರ ಸಮ್ಮೇಳನಗಳಲ್ಲಿ ಬಿಡುವಿನ ವೇಳೆ ಆಡಬಹುದಾದ, ಸುಲಭವಾಗಿ ಒಯ್ಯಬಹುದಾದ, ಕಡಿಮೆ ವೆಚ್ಚದ ಆಟವೊಂದು ಬೇಕೆಂದು ಆ್ಯಡ್ಕಿಸನ್ ಕೇಳಿದರು. ಅದರ ಫಲವೇ ಮ್ಯಾಜಿಕ್. ಆಲ್ಫಾ ಎಂದು ಕರೆಯಲಾಗುವ ಮೊದಲ ಮುದ್ರಣದಲ್ಲಿ 295 ಬಗೆಯ ಕಾರ್ಡುಗಳಿದ್ದವು.

1994ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರಲ್ಲಿ ನಗದು ಬಹುಮಾನಗಳ ವೃತ್ತಿಪರ ಸರಣಿಯಾದ ಪ್ರೋ ಟೂರ್ ಆರಂಭವಾಯಿತು. 1999ರಲ್ಲಿ ಆಟಿಕೆ ತಯಾರಿಕಾ ಸಂಸ್ಥೆ ಹ್ಯಾಸ್ಬ್ರೋ ವಿಝರ್ಡ್ಸ್ ಸಂಸ್ಥೆಯನ್ನು ಕೊಂಡುಕೊಂಡಿತು. 1993ರಿಂದ ಇಂದಿನವರೆಗೆ ಕಾರ್ಡಿನ ಹಿಂಬದಿಯ ವಿನ್ಯಾಸವನ್ನು ಬದಲಿಸಿಲ್ಲ. ಹಳೆಯ ಮತ್ತು ಹೊಸ ಕಾರ್ಡುಗಳನ್ನು ಒಂದೇ ಡೆಕ್‌ನಲ್ಲಿ ಕಲಸಿದಾಗ ಯಾವುದು ಯಾವುದೆಂದು ಹಿಂಬದಿಯಿಂದ ತಿಳಿಯಬಾರದು ಎಂಬುದೇ ಇದಕ್ಕೆ ಕಾರಣ.

ಆಟದ ಸ್ವರೂಪ

ಆಟಗಾರರು ಪರಸ್ಪರ ಕಾದಾಡುವ ಇಬ್ಬರು ಮಾಂತ್ರಿಕರೆಂಬುದು ಆಟದ ಕಲ್ಪನೆ. ಪ್ರತಿಯೊಬ್ಬರೂ 20 ಜೀವಾಂಕಗಳೊಂದಿಗೆ ಆರಂಭಿಸಿ, ಡೆಕ್ ಅನ್ನು ಕಲಸಿ, ಏಳು ಕಾರ್ಡುಗಳನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಎದುರಾಳಿಯ ಜೀವಾಂಕವನ್ನು ಸೊನ್ನೆಗೆ ಇಳಿಸಿದವರು ಗೆಲ್ಲುತ್ತಾರೆ. ಡೆಕ್ ಬರಿದಾದ ಮೇಲೆ ಕಾರ್ಡ್ ಎಳೆಯಬೇಕಾಗಿ ಬಂದವರು ಸೋಲುತ್ತಾರೆ.

ಆಟದ ಸಂಪೂರ್ಣ ನಿಯಮಾವಳಿಯು ಇನ್ನೂರಕ್ಕೂ ಹೆಚ್ಚು ಪುಟಗಳಷ್ಟಿದೆ. ಆದರೆ ಹೊಸಬರು ಅದನ್ನು ಓದಿ ಆಟ ಕಲಿಯುವುದಿಲ್ಲ, ಕಲಿಯಬೇಕಾದ ಅಗತ್ಯವೂ ಇಲ್ಲ. ಮೂಲ ನಿಯಮಗಳು ಕೆಲವೇ ಇವೆ. ಉಳಿದುದನ್ನು ಕಾರ್ಡಿನ ಮೇಲಿನ ಬರಹವೇ ಹೇಳುತ್ತದೆ. ನಿಯಮಕ್ಕೂ ಕಾರ್ಡಿನ ಬರಹಕ್ಕೂ ವಿರೋಧ ಕಂಡುಬಂದಲ್ಲಿ ಕಾರ್ಡಿನ ಮಾತೇ ನಡೆಯುತ್ತದೆ ಎಂಬುದು ಈ ಆಟದ ಸುವರ್ಣ ನಿಯಮ. ಉದಾಹರಣೆಗೆ, ಒಂದು ಸರದಿಯಲ್ಲಿ ಒಂದೇ ಭೂಮಿಯ ಕಾರ್ಡನ್ನು ಇಡಬಹುದೆಂಬುದು ನಿಯಮ. ಇನ್ನೂ ಒಂದನ್ನು ಇಡಬಹುದೆಂದು ಹೇಳುವ ಕಾರ್ಡ್ ಆಟಗಾರನ ಮುಂದಿದ್ದರೆ ಆ ನಿಯಮವು ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಹೀಗಾಗಿ ಕಾರ್ಡನ್ನು ಪೂರ್ತಿಯಾಗಿ, ಪದಪದವಾಗಿ ಓದುವ ಅಭ್ಯಾಸವೇ ಕಲಿಕೆಯ ಮೊದಲ ಹೆಜ್ಜೆ.

ಮನಾ ಮತ್ತು ಐದು ಬಣ್ಣಗಳು

ಕಾರ್ಡುಗಳನ್ನು ಆಡಲು ಬೇಕಾದ ಶಕ್ತಿಗೆ ಮನಾ ಎಂದು ಹೆಸರು. ಇದನ್ನು ಮುಖ್ಯವಾಗಿ ಭೂಮಿಯ ಕಾರ್ಡುಗಳಿಂದ ಪಡೆಯಲಾಗುತ್ತದೆ. ಮೂಲ ಭೂಮಿಗಳು ಐದು: ಬಯಲು ಬಿಳಿ ಮನಾವನ್ನು, ದ್ವೀಪ ನೀಲಿಯನ್ನು, ಜೌಗು ಕಪ್ಪನ್ನು, ಬೆಟ್ಟ ಕೆಂಪನ್ನು, ಕಾಡು ಹಸಿರನ್ನು ಕೊಡುತ್ತವೆ. ಮನಾ ಪಡೆಯಲು ಭೂಮಿಯ ಕಾರ್ಡನ್ನು ಅಡ್ಡಲಾಗಿ ತಿರುಗಿಸಬೇಕು. ಇದಕ್ಕೆ ಟ್ಯಾಪ್ ಮಾಡುವುದು ಎನ್ನುತ್ತಾರೆ. ಟ್ಯಾಪ್ ಆದ ಕಾರ್ಡುಗಳು ಆಟಗಾರನ ಮುಂದಿನ ಸರದಿಯ ಆರಂಭದಲ್ಲಿ ಮತ್ತೆ ನೇರವಾಗುತ್ತವೆ.

ಪ್ರತಿ ಬಣ್ಣಕ್ಕೂ ತನ್ನದೇ ಸ್ವಭಾವವಿದೆ. ಬಿಳಿಯು ಶಿಸ್ತು ಮತ್ತು ರಕ್ಷಣೆಯನ್ನು, ನೀಲಿಯು ಜ್ಞಾನ ಮತ್ತು ತಂತ್ರವನ್ನು, ಕಪ್ಪು ಸ್ವಾರ್ಥ ಮತ್ತು ಮರಣವನ್ನು, ಕೆಂಪು ಆವೇಶ ಮತ್ತು ಬೆಂಕಿಯನ್ನು, ಹಸಿರು ಪ್ರಕೃತಿ ಮತ್ತು ಬೆಳವಣಿಗೆಯನ್ನು ಸೂಚಿಸುತ್ತವೆ. ಯಾವ ಬಣ್ಣವೂ ಎಲ್ಲ ಕೆಲಸವನ್ನೂ ಚೆನ್ನಾಗಿ ಮಾಡಲಾರದು. ಒಂದು ಬಣ್ಣದ ಕೊರತೆಯನ್ನು ತುಂಬಿಕೊಳ್ಳಲು ಆಟಗಾರರು ಎರಡನೆಯ ಬಣ್ಣವನ್ನು ಸೇರಿಸುತ್ತಾರೆ. ಆದರೆ ಬಣ್ಣಗಳು ಹೆಚ್ಚಿದಂತೆ ಬೇಕಾದ ಸಮಯದಲ್ಲಿ ಬೇಕಾದ ಮನಾ ಸಿಗದಿರುವ ಅಪಾಯವೂ ಹೆಚ್ಚುತ್ತದೆ.

ಕಾರ್ಡುಗಳ ಬಗೆಗಳು

ಭೂಮಿಯನ್ನು ಬಿಟ್ಟರೆ ಹೊಸಬರು ಮೊದಲು ಪರಿಚಯಿಸಿಕೊಳ್ಳಬೇಕಾದುದು ಜೀವಿಗಳನ್ನು. ಜೀವಿಯ ಕಾರ್ಡಿನ ಕೆಳಮೂಲೆಯಲ್ಲಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಅದರ ಬಲ, ಅಂದರೆ ಅದು ಮಾಡುವ ಹಾನಿ. ಎರಡನೆಯದು ಅದರ ತಾಳಿಕೆ, ಅಂದರೆ ಅದನ್ನು ಕೊಲ್ಲಲು ಬೇಕಾದ ಹಾನಿ. ಗ್ರಿಝ್ಲಿ ಬೇರ್ಸ್ ಎಂಬ ಹಳೆಯ ಕಾರ್ಡ್ ಎರಡು ಮನಾಗಳಿಗೆ 2/2 ಜೀವಿಯನ್ನು ಕೊಡುತ್ತದೆ.

ಮಂತ್ರಗಳಲ್ಲಿ ಎರಡು ವಿಧ. ಸಾರ್ಸರಿಗಳನ್ನು ತನ್ನ ಸರದಿಯ ಮುಖ್ಯ ಹಂತಗಳಲ್ಲಿ ಮಾತ್ರ ಪ್ರಯೋಗಿಸಬಹುದು. ಇನ್‌ಸ್ಟಂಟ್‌ಗಳನ್ನು ಎದುರಾಳಿಯ ಸರದಿಯಲ್ಲಿಯೂ, ಕದನದ ನಡುವೆಯೂ ಪ್ರಯೋಗಿಸಬಹುದು. ಪ್ರಯೋಗವಾದ ಮಂತ್ರಗಳೂ ಸತ್ತ ಜೀವಿಗಳೂ ತಮ್ಮ ಒಡೆಯನ ಸ್ಮಶಾನಕ್ಕೆ, ಅಂದರೆ ಬಳಸಿದ ಕಾರ್ಡುಗಳ ರಾಶಿಗೆ ಸೇರುತ್ತವೆ. ಆರ್ಟಿಫ್ಯಾಕ್ಟ್, ಎನ್‌ಚಾಂಟ್‌ಮೆಂಟ್ ಹಾಗೂ 2007ರಲ್ಲಿ ಸೇರ್ಪಡೆಯಾದ ಪ್ಲೇನ್ಸ್‌ವಾಕರ್ ಕಾರ್ಡುಗಳು ಜೀವಿಗಳಂತೆಯೇ ಮೇಜಿನ ಮೇಲೆ ಉಳಿದು ಪ್ರಭಾವ ಬೀರುತ್ತವೆ.

ಸರದಿಯ ಕ್ರಮ

ಪ್ರತಿ ಸರದಿಯೂ ಒಂದೇ ಕ್ರಮದಲ್ಲಿ ಸಾಗುತ್ತದೆ. ಆಟಗಾರನು ಮೊದಲು ಟ್ಯಾಪ್ ಆದ ಕಾರ್ಡುಗಳನ್ನು ನೇರಗೊಳಿಸಿ, ಒಂದು ಕಾರ್ಡ್ ಎಳೆಯುತ್ತಾನೆ. ಇಬ್ಬರ ಆಟದಲ್ಲಿ ಮೊದಲು ಆಡುವವನು ತನ್ನ ಮೊದಲ ಸರದಿಯಲ್ಲಿ ಕಾರ್ಡ್ ಎಳೆಯುವಂತಿಲ್ಲ. ಮೊದಲು ಆಡುವ ಅನುಕೂಲಕ್ಕೆ ಇದು ಪರಿಹಾರ. ನಂತರ ಮೊದಲ ಮುಖ್ಯ ಹಂತ, ಕದನ, ಎರಡನೆಯ ಮುಖ್ಯ ಹಂತ ಮತ್ತು ಮುಕ್ತಾಯದ ಹಂತಗಳು ಬರುತ್ತವೆ.

ಕದನದಲ್ಲಿ ಜೀವಿಗಳು ಎದುರಾಳಿಯ ಜೀವಿಗಳ ಮೇಲೆ ನೇರವಾಗಿ ದಾಳಿ ಮಾಡುವುದಿಲ್ಲ. ಎದುರಾಳಿಯ ಮೇಲೆಯೇ ದಾಳಿ ಮಾಡುತ್ತವೆ. ಯಾವ ಜೀವಿಯಿಂದ ಯಾರನ್ನು ತಡೆಯಬೇಕೆಂಬ ಆಯ್ಕೆ ಎದುರಾಳಿಯದು. ಬೇರೆ ಕಾರ್ಡ್ ಆಟಗಳಿಂದ ಬಂದವರು ಇಲ್ಲಿ ಹೆಚ್ಚಾಗಿ ಎಡವುತ್ತಾರೆ. ದಾಳಿಗೆ ಹೋದ ಜೀವಿ ಸಾಮಾನ್ಯವಾಗಿ ಟ್ಯಾಪ್ ಆಗುವುದರಿಂದ ಮುಂದಿನ ಎದುರಾಳಿ ಸರದಿಯಲ್ಲಿ ಅದು ತಡೆಯಲು ಸಿಗುವುದಿಲ್ಲ. ಆದ್ದರಿಂದ ಪ್ರತಿ ದಾಳಿಯೂ ರಕ್ಷಣೆಯನ್ನು ಅಷ್ಟರ ಮಟ್ಟಿಗೆ ಬಿಟ್ಟುಕೊಟ್ಟಂತೆ. ಹೊಸದಾಗಿ ಬಂದ ಜೀವಿ ಅದೇ ಸರದಿಯಲ್ಲಿ ದಾಳಿ ಮಾಡಲಾರದು. ಆದರೆ ಎದುರಾಳಿಯ ದಾಳಿಯನ್ನು ತಡೆಯಬಲ್ಲದು. ಸಾಯದೆ ಉಳಿದ ಜೀವಿಗಳ ಮೇಲಿನ ಹಾನಿಯು ಸರದಿಯ ಕೊನೆಯಲ್ಲಿ ಅಳಿಸಿಹೋಗುತ್ತದೆ.

ಸ್ಟ್ಯಾಕ್

ಆರಂಭಿಕರಿಗೆ ಅತ್ಯಂತ ಕಠಿಣವೆನಿಸುವ ಭಾಗ ಸ್ಟ್ಯಾಕ್. ಒಬ್ಬರು ಮಂತ್ರ ಪ್ರಯೋಗಿಸಿದೊಡನೆ ಅದು ಫಲಿಸುವುದಿಲ್ಲ. ಅದಕ್ಕೆ ಉತ್ತರವಾಗಿ ಇನ್ನೊಂದನ್ನು ಪ್ರಯೋಗಿಸಲು ಎದುರಾಳಿಗೆ ಅವಕಾಶವಿರುತ್ತದೆ. ಹೀಗೆ ಒಂದರ ಮೇಲೊಂದು ಸೇರಿದ ಮಂತ್ರಗಳು, ಒಂದರ ಮೇಲೊಂದು ಜೋಡಿಸಿದ ತಟ್ಟೆಗಳನ್ನು ತೆಗೆಯುವಂತೆ, ಮೇಲಿನಿಂದ ಕೆಳಕ್ಕೆ ಫಲಿಸುತ್ತವೆ. ಕೊನೆಗೆ ಬಂದುದು ಮೊದಲು ಫಲಿಸುತ್ತದೆ. ಈಗಿರುವ ರೂಪದ ಸ್ಟ್ಯಾಕ್ 1999ರಲ್ಲಿ ಜಾರಿಗೆ ಬಂದಿತು.

ಮೊದಲ ಮುದ್ರಣದಲ್ಲೇ ಇದ್ದ ಎರಡು ಇನ್‌ಸ್ಟಂಟ್‌ಗಳಿಂದ ಇದನ್ನು ವಿವರಿಸಬಹುದು. ಜೈಂಟ್ ಗ್ರೋತ್ ಒಂದು ಹಸಿರು ಮನಾಗೆ ಒಂದು ಜೀವಿಯ ಬಲ ಹಾಗೂ ತಾಳಿಕೆಗಳನ್ನು ಆ ಸರದಿಯ ಮಟ್ಟಿಗೆ ಮೂರು ಮೂರು ಹೆಚ್ಚಿಸುತ್ತದೆ. ಲೈಟ್ನಿಂಗ್ ಬೋಲ್ಟ್ ಒಂದು ಕೆಂಪು ಮನಾಗೆ ಮೂರು ಹಾನಿ ಮಾಡುತ್ತದೆ. ಗ್ರಿಝ್ಲಿ ಬೇರ್ಸ್ ಜೀವಿಯ ಒಡೆಯನು ಅದರ ಮೇಲೆ ಜೈಂಟ್ ಗ್ರೋತ್ ಪ್ರಯೋಗಿಸಿದನೆನ್ನೋಣ. ಎದುರಾಳಿಯು ಅದಕ್ಕೆ ಉತ್ತರವಾಗಿ ಅದೇ ಜೀವಿಯ ಮೇಲೆ ಲೈಟ್ನಿಂಗ್ ಬೋಲ್ಟ್ ಪ್ರಯೋಗಿಸುತ್ತಾನೆ. ಬೋಲ್ಟ್ ಮೊದಲು ಫಲಿಸುವುದರಿಂದ, ಇನ್ನೂ 2/2 ಆಗಿಯೇ ಇರುವ ಜೀವಿ ಸಾಯುತ್ತದೆ. ಗುರಿಯಿಲ್ಲದ ಜೈಂಟ್ ಗ್ರೋತ್ ವ್ಯರ್ಥವಾಗುತ್ತದೆ. ಒಂದು ಕಾರ್ಡ್ ತೆತ್ತು ಎದುರಾಳಿಯು ಎರಡನ್ನು ಕಳೆದಂತಾಯಿತು.

ಕ್ರಮ ತಿರುಗಿದರೆ ಫಲವೂ ತಿರುಗುತ್ತದೆ. ಎದುರಾಳಿಯು ಮೊದಲು ಬೋಲ್ಟ್ ಪ್ರಯೋಗಿಸಿ, ಒಡೆಯನು ಜೈಂಟ್ ಗ್ರೋತ್‌ನಿಂದ ಉತ್ತರಿಸಿದರೆ, ಜೀವಿ ಮೊದಲು 5/5 ಆಗುತ್ತದೆ. ನಂತರ ಬರುವ ಮೂರು ಹಾನಿಯನ್ನು ಅದು ತಾಳಿಕೊಳ್ಳುತ್ತದೆ. ಕಾರ್ಡುಗಳು ಅವೇ, ಮನಾ ಅಷ್ಟೇ. ಕಾದು ಉತ್ತರಿಸಿದವನಿಗೆ ಎರಡು ಸಂದರ್ಭಗಳಲ್ಲಿಯೂ ಲಾಭವಾಗಿದೆ.

ಡೆಕ್ ರಚನೆ

ಸಾಮಾನ್ಯ ಸ್ಪರ್ಧಾ ಡೆಕ್‌ನಲ್ಲಿ ಕನಿಷ್ಠ 60 ಕಾರ್ಡುಗಳಿರಬೇಕು. ಮೂಲ ಭೂಮಿಗಳನ್ನು ಬಿಟ್ಟು ಒಂದೇ ಹೆಸರಿನ ಕಾರ್ಡಿನ ನಾಲ್ಕಕ್ಕಿಂತ ಹೆಚ್ಚು ಪ್ರತಿಗಳು ಇರುವಂತಿಲ್ಲ. 60ಕ್ಕಿಂತ ಹೆಚ್ಚು ಕಾರ್ಡುಗಳಿಗೆ ಅವಕಾಶವಿದ್ದರೂ ಅನುಭವಿಗಳು ಕನಿಷ್ಠ ಸಂಖ್ಯೆಯಲ್ಲಿಯೇ ನಿಲ್ಲುತ್ತಾರೆ. ಇದಕ್ಕೆ ಕಾರಣ ಸರಳ ಗಣಿತ. 60 ಕಾರ್ಡುಗಳಲ್ಲಿ ನಾಲ್ಕು ಪ್ರತಿಗಳಿರುವ ಕಾರ್ಡೊಂದು ಮೊದಲ ಏಳರಲ್ಲಿ ಕಾಣಿಸುವ ಸಂಭವ ಸುಮಾರು ಶೇ. 40; ಡೆಕ್ ದೊಡ್ಡದಾದಷ್ಟೂ ಇದು ಕುಗ್ಗುತ್ತದೆ.

ಭೂಮಿಗಳ ಪ್ರಮಾಣವು ಡೆಕ್‌ನ ಜೀವಾಳ. 60ರಲ್ಲಿ ಸುಮಾರು 24 ಭೂಮಿಗಳಿರುವುದು ರೂಢಿ. ಆಗ ಮೊದಲ ಏಳು ಕಾರ್ಡುಗಳಲ್ಲಿ ಎರಡರಿಂದ ನಾಲ್ಕು ಭೂಮಿಗಳು ಬರುವ ಸಂಭವ ಸುಮಾರು ಶೇ. 77. ಭೂಮಿ ಕಡಿಮೆಯಾದರೆ ಕೈತುಂಬ ಮಂತ್ರಗಳಿದ್ದೂ ಆಡಲಾಗದು. ಹೆಚ್ಚಾದರೆ ಮನಾ ಇದ್ದೂ ಆಡಲು ಏನೂ ಇರದು. ಮೊದಲ ಕೈ ತೀರಾ ಕೆಟ್ಟದಾಗಿದ್ದರೆ ಅದನ್ನು ಹಿಂದಿರುಗಿಸಿ ಮತ್ತೆ ಏಳನ್ನು ಎಳೆಯಬಹುದು. ಇದಕ್ಕೆ ಮಲ್ಲಿಗನ್ ಎಂದು ಹೆಸರು. 2019ರಿಂದ ಇರುವ ನಿಯಮದಂತೆ, ಪ್ರತಿ ಮಲ್ಲಿಗನ್‌ಗೂ ಒಂದರಂತೆ ಕಾರ್ಡನ್ನು ಡೆಕ್‌ನ ಅಡಿಗೆ ಸೇರಿಸಬೇಕು.

ಆರಂಭಿಕರ ಕಲಿಕೆ

ಹೊಸಬರಿಗೆ ಸಾಮಾನ್ಯವಾಗಿ ಒಂದು ಅಥವಾ ಎರಡು ಬಣ್ಣಗಳ, ಜೀವಿಗಳೇ ಹೆಚ್ಚಾಗಿರುವ ಸಿದ್ಧ ಡೆಕ್ ಕೊಟ್ಟು ಕಲಿಸಲಾಗುತ್ತದೆ. ಮೊದಲ ಕೆಲವು ಆಟಗಳನ್ನು ಇಬ್ಬರೂ ಕೈಯಲ್ಲಿರುವ ಕಾರ್ಡುಗಳನ್ನು ತೆರೆದಿಟ್ಟು ಆಡುವುದೂ ಉಂಟು.

ಆರಂಭಿಕರು ಮಾಡುವ ತಪ್ಪುಗಳಲ್ಲಿ ಕೆಲವು ಪದೇ ಪದೇ ಕಂಡುಬರುತ್ತವೆ. ಜೀವಾಂಕ ಇಳಿಯುವುದನ್ನು ಕಂಡು ಹೆದರಿ ಪ್ರತಿ ದಾಳಿಯನ್ನೂ ತಡೆಯುವುದು, ಅದಕ್ಕಾಗಿ ಒಳ್ಳೆಯ ಜೀವಿಗಳನ್ನು ಕಳೆದುಕೊಳ್ಳುವುದು ಅವುಗಳಲ್ಲಿ ಒಂದು. ಜೀವಾಂಕವೂ ಮನಾದಂತೆ ಖರ್ಚು ಮಾಡಬಹುದಾದ ಸಂಪತ್ತು; ಕೊನೆಯ ಒಂದು ಅಂಕ ಉಳಿದಿರುವವರೆಗೆ ಆಟಗಾರನು ಸೋತಿರುವುದಿಲ್ಲ. ಕೈಗೆ ಬಂದ ಮಂತ್ರವನ್ನು ಒಡನೆಯೇ ಬಳಸಿಬಿಡುವುದು ಇನ್ನೊಂದು. ಹೊಸ ಜೀವಿಗಳನ್ನು ಕದನದ ನಂತರದ ಮುಖ್ಯ ಹಂತದಲ್ಲಿ ಆಡಿದರೆ, ಕದನದ ವೇಳೆ ನೇರವಾಗಿರುವ ಭೂಮಿಗಳನ್ನು ಕಂಡು ಎದುರಾಳಿಯು ಗುಪ್ತ ಮಂತ್ರವೊಂದನ್ನು ಶಂಕಿಸಬೇಕಾಗುತ್ತದೆ. ಇಷ್ಟವಾದ ಎಲ್ಲ ಕಾರ್ಡುಗಳನ್ನೂ ಒಂದೇ ಡೆಕ್‌ಗೆ ತುಂಬುವುದು ಮೂರನೆಯ ತಪ್ಪು.

ಸೋಲಿಗೆ ಕಾರ್ಡುಗಳ ಅದೃಷ್ಟವನ್ನೇ ಹೊಣೆ ಮಾಡುವುದೂ ಸಾಮಾನ್ಯ. ಅದೃಷ್ಟದ ಪಾಲು ಈ ಆಟದಲ್ಲಿ ನಿಜವಾಗಿಯೂ ಇದೆ. ಹೊಸಬರು ಕೆಲವೊಮ್ಮೆ ಅನುಭವಿಗಳನ್ನು ಸೋಲಿಸಲು ಅದೇ ಅವಕಾಶ ಮಾಡಿಕೊಡುತ್ತದೆ. ಆದರೆ ಹಲವು ಆಟಗಳ ಮೊತ್ತದಲ್ಲಿ ನಿರ್ಧಾರಗಳೇ ಮೇಲುಗೈ ಪಡೆಯುತ್ತವೆ.

ಆಡುವ ಪದ್ಧತಿಗಳು

ಸ್ಟ್ಯಾಂಡರ್ಡ್ ಪದ್ಧತಿಯಲ್ಲಿ ಇತ್ತೀಚಿನ ಸಂಚಿಕೆಗಳ ಕಾರ್ಡುಗಳಿಗೆ ಮಾತ್ರ ಅವಕಾಶ. ಕಮಾಂಡರ್ ಪದ್ಧತಿಯಲ್ಲಿ, ಸಾಮಾನ್ಯವಾಗಿ ನಾಲ್ವರು, 100 ಕಾರ್ಡುಗಳ ಡೆಕ್ ಮತ್ತು 40 ಜೀವಾಂಕಗಳೊಂದಿಗೆ ಆಡುತ್ತಾರೆ. ಮೂಲ ಭೂಮಿಗಳನ್ನು ಬಿಟ್ಟು ಪ್ರತಿ ಕಾರ್ಡಿನ ಒಂದೇ ಪ್ರತಿ ಇರಬೇಕು. ಡ್ರಾಫ್ಟ್ ಪದ್ಧತಿಯಲ್ಲಿ ಪ್ರತಿಯೊಬ್ಬರೂ ಮೂರು ಮೊಹರು ಪೊಟ್ಟಣಗಳನ್ನು ತರುತ್ತಾರೆ. ಒಂದನ್ನು ಒಡೆದು, ಒಂದು ಕಾರ್ಡ್ ಆರಿಸಿಕೊಂಡು, ಉಳಿದವನ್ನು ಪಕ್ಕದವರಿಗೆ ದಾಟಿಸುತ್ತಾರೆ. ಹೀಗೆ ಆರಿಸಿದವುಗಳಿಂದ 40 ಕಾರ್ಡುಗಳ ಡೆಕ್ ಕಟ್ಟಲಾಗುತ್ತದೆ.

ವಿರಳತೆ ಮತ್ತು ಬೆಲೆ

ಕಾರ್ಡುಗಳು ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೆ ಯಾವ ಕಾರ್ಡುಗಳಿವೆಯೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಜನರು ಸ್ವಲ್ಪವೇ ಕಾರ್ಡುಗಳನ್ನು ಕೊಳ್ಳುತ್ತಾರೆ, ಆದ್ದರಿಂದ ಅತಿ ಪ್ರಬಲ ಕಾರ್ಡುಗಳು ಒಂದು ಬಳಗದಲ್ಲಿ ಅಪರೂಪವಾಗಿಯೇ ಇರುತ್ತವೆ ಎಂಬುದು ಗಾರ್ಫೀಲ್ಡ್ ಅವರ ಮೂಲ ಎಣಿಕೆಯಾಗಿತ್ತು. ಆಟವು ಜನಪ್ರಿಯವಾದೊಡನೆ ಆ ಎಣಿಕೆ ತಪ್ಪಿತು. ಹಣವುಳ್ಳವರು ಬೇಕಾದಷ್ಟು ಕೊಂಡರು. ಪ್ರತಿಗಳ ಮಿತಿ ಮತ್ತು ನಿಷೇಧಿತ ಕಾರ್ಡುಗಳ ಪಟ್ಟಿಗಳು ಇದಕ್ಕೆ ಉತ್ತರವಾಗಿ ಬಂದವು.

1995ರಲ್ಲಿ ಹಳೆಯ ಕಾರ್ಡುಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಪ್ರತಿಭಟಿಸಿದರು. 1996ರಲ್ಲಿ ಸಂಸ್ಥೆಯು ಮತ್ತೆಂದೂ ಮುದ್ರಿಸದ ಕಾರ್ಡುಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಆ ಪಟ್ಟಿಯಲ್ಲಿರುವ ಬ್ಲ್ಯಾಕ್ ಲೋಟಸ್ ಕಾರ್ಡಿನ ಒಂದು ಆಲ್ಫಾ ಪ್ರತಿಯು 2021ರಲ್ಲಿ 5,11,100 ಡಾಲರ್‌ಗಳಿಗೆ ಹರಾಜಾಯಿತು. ಸಂಗ್ರಾಹಕರ ಹಿತವನ್ನು ಕಾಯುವ ಈ ಪಟ್ಟಿಯು ಹಳೆಯ ಪದ್ಧತಿಗಳನ್ನು ಹೊಸ ಆಟಗಾರರ ಕೈಗೆ ಎಟುಕದಂತೆ ಮಾಡಿದೆ ಎಂಬ ಟೀಕೆ ಇಂದಿಗೂ ಇದೆ.

ಆರಂಭಿಕರಿಗೆ ಇಷ್ಟು ವೆಚ್ಚದ ಅಗತ್ಯವಿಲ್ಲ. ಡ್ರಾಫ್ಟ್‌ನಲ್ಲಿ ಎಲ್ಲರೂ ಸಮಾನವಾಗಿ ಮೊಹರು ಪೊಟ್ಟಣಗಳಿಂದಲೇ ಆರಂಭಿಸುವುದರಿಂದ ಹಳೆಯ ಸಂಗ್ರಹವು ಪ್ರಯೋಜನಕ್ಕೆ ಬರುವುದಿಲ್ಲ. ಬೇಕಾದ ಸಾಮಾನ್ಯ ಕಾರ್ಡುಗಳನ್ನು ಬಿಡಿಯಾಗಿ ಅಗ್ಗವಾಗಿ ಕೊಳ್ಳಬಹುದು. 2019ರಲ್ಲಿ ಅಧಿಕೃತವಾಗಿ ಬಿಡುಗಡೆಯಾದ ಮ್ಯಾಜಿಕ್: ದ ಗ್ಯಾದರಿಂಗ್ ಅರೀನಾ ಎಂಬ ಗಣಕ ಆವೃತ್ತಿಯನ್ನು ಉಚಿತವಾಗಿ ಆರಂಭಿಸಬಹುದು. ಸರದಿಯ ಹಂತಗಳನ್ನೂ ಸ್ಟ್ಯಾಕ್‌ನ ಕ್ರಮವನ್ನೂ ಅದು ತಾನೇ ನಡೆಸಿಕೊಡುವುದರಿಂದ ನಿಯಮಗಳನ್ನು ಆಡುತ್ತಲೇ ಕಲಿಯಲು ಸಾಧ್ಯವಾಗುತ್ತದೆ.