ದೊಡ್ಡರೋಗ ಬಂದ ದಾರಿ, ಹೋದ ದಾರಿ

ಈಗಿನ ಹುಡುಗರನ್ನು ದೊಡ್ಡರೋಗ ಅಂದರೇನು ಅಂತ ಕೇಳಿ ನೋಡಿ, ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ಆದರೆ ದನ ಕಟ್ಟಿಕೊಂಡು ಬದುಕುವ ನಾವು ಅದರ ಕಥೆ ತಿಳಿದಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಹಿರಿಯರಿಂದ ಕೇಳಿದ್ದು, ದನದ ಡಾಕ್ಟರುಗಳನ್ನು ಕಾಡಿ ತಿಳಿದದ್ದು, ಅಷ್ಟಿಷ್ಟು ಓದಿದ್ದು ಸೇರಿಸಿದ್ದೇನೆ.

ಡಾಕ್ಟರುಗಳು ಇದಕ್ಕೆ ರಿಂಡರ್‌ಪೆಸ್ಟ್ ಅಂತಾರೆ. ಮೊದಲು ಜೋರು ಜ್ವರ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಕಣ್ಣು ಮೂಗಲ್ಲಿ ನೀರು. ಬಾಯಿ ಬಿಡಿಸಿ ನೋಡಿದರೆ ವಸಡಿನ ಮೇಲೆ ತೌಡು ಉದುರಿಸಿದ ಹಾಗೆ ಹುಣ್ಣು. ಆಮೇಲೆ ಕೆಟ್ಟ ನಾತದ ಭೇದಿ, ಅದರಲ್ಲಿ ರಕ್ತ. ವಾರ ಹತ್ತು ದಿನದಲ್ಲಿ ಮುಗಿಯಿತು. ಕಾಲುಬಾಯಿ ಜ್ವರದಲ್ಲಿ ಗೊರಸಿನ ಸಂದಿ ಹುಣ್ಣಾಗಿ ಕುಂಟುತ್ತವೆ, ದೊಡ್ಡ ದನ ಬಹುಪಾಲು ಬದುಕಿಕೊಳ್ಳುತ್ತವೆ. ಇದು ಹಾಗಲ್ಲ, ಕೊಟ್ಟಿಗೆ ಕೊಟ್ಟಿಗೆಯೇ ಖಾಲಿ. ನಮ್ಮಂಥ ಮಳೆ ನಂಬಿದ ಸೀಮೆಯಲ್ಲಿ ಹದ ಸಿಗುವುದೇ ನಾಲ್ಕು ದಿನ. ಆ ನಾಲ್ಕು ದಿನ ಜೋಡಿ ಎತ್ತು ಇಲ್ಲದಿದ್ದರೆ ಆ ವರ್ಷದ ರಾಗಿ, ಜೋಳ ಎರಡೂ ಇಲ್ಲ.

ವಿಕ್ಟೋರಿಯಾ ರಾಣಿ ಕಾಲದಲ್ಲಿ ನಮ್ಮ ಕಡೆ ದನದ ಸಂಪತ್ತು ಅಂದರೆ ಅಮೃತಮಹಲ್. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ಹಳಬರ ಬಾಯಲ್ಲಿ ಇನ್ನೂ ಇರುವ ‘ಕಾವಲು’ ಅಂದರೆ ಈ ದನಗಳಿಗೆ ಬಿಟ್ಟ ಹುಲ್ಲುಗಾವಲು. ಮೈಸೂರು ಅರಸರು ಬೆಳೆಸಿ, ಹೈದರಾಲಿ ಹೆಚ್ಚಿಸಿ, ಟಿಪ್ಪು ಹೆಸರಿಟ್ಟ ಮಂದೆ ಅದು. ಫಿರಂಗಿ ಎಳೆಯಲು ಅಂಥ ಎತ್ತು ಇನ್ನೊಂದಿಲ್ಲ. 1799ರ ನಂತರ ಇಂಗ್ಲಿಷರ ಕೈ ಸೇರಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮಾರಿಬಿಟ್ಟರು. ಸೈನ್ಯಕ್ಕೆ ಎತ್ತು ಸಾಲದೆ ಹೋದಾಗ ಬುದ್ಧಿ ಬಂದು 1866ರಲ್ಲಿ ಮತ್ತೆ ಕಟ್ಟಲು ಹೊರಟರು. ಕಟ್ಟುವುದು ಮಾರಿದಷ್ಟು ಸುಲಭವಲ್ಲ.

ಕಾವಲುಗಳಲ್ಲಿ ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಅಂತ ಬೇರೆ ಬೇರೆ. ಮಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತಿತ್ತು. ನನ್ನ ಲೆಕ್ಕದಲ್ಲಿ ಇದು ಎರಡು ಅಲಗಿನ ಕತ್ತಿ. ರೋಗದ ದನ ನೀರಿಗೆ ಒಟ್ಟಾದರೆ ಊರೂರಿಗೆ ಹಂಚುತ್ತದೆ. ಆದರೆ ಸುದ್ದಿ ಮೊದಲೇ ಸಿಕ್ಕರೆ ಮಂದೆಯನ್ನು ದೂರ ಹೊಡೆದು ಉಳಿಸಿಕೊಳ್ಳಲು ಜಾಗ ಇತ್ತು. ಈಗ ಆ ಜಾಗ ಎಲ್ಲಿದೆ ಹೇಳಿ.

ಇದೇ ಹೊತ್ತಿಗೆ ರಾಣಿಯ ಊರಲ್ಲೂ ಬೆಂಕಿ ಬಿದ್ದಿತ್ತು. 1865ರ ಬೇಸಿಗೆಯಲ್ಲಿ ಹೊರದೇಶದಿಂದ ಹಡಗಲ್ಲಿ ಬಂದ ದನಗಳ ಜೊತೆ ದೊಡ್ಡರೋಗ ಲಂಡನ್ನಿಗೆ ಇಳಿಯಿತು. ಲಕ್ಷಗಟ್ಟಲೆ ದನ ಸತ್ತವು. ಅವರ ಹತ್ತಿರ ದನದ ವೈದ್ಯಶಾಲೆ 1791ರಿಂದಲೇ ಇತ್ತು, ಆದರೂ ಔಷಧಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಈರುಳ್ಳಿ ಸರ ಕಟ್ಟಿದರು, ಚರ್ಚುಗಳಲ್ಲಿ ಪ್ರಾರ್ಥನೆ ಮಾಡಿಸಿದರು. ಈರುಳ್ಳಿಗೆ ರೋಗ ಹೋಗುವುದಾಗಿದ್ದರೆ ನಮ್ಮ ಚಿತ್ರದುರ್ಗದಲ್ಲಿ ಒಂದು ದನವೂ ಸಾಯಬಾರದಿತ್ತು! ಕೊನೆಗೆ 1866ರಲ್ಲಿ ಕಾನೂನು ಮಾಡಿ, ರೋಗದ ದನ ಕೊಂದು ಹೂತು, ದನ ಸಾಗಿಸುವುದನ್ನು ತಡೆದ ಮೇಲೆ ಹತೋಟಿಗೆ ಬಂತು.

ಹಾಗೆ ಕೊಲ್ಲುವುದು ನಮ್ಮಲ್ಲಿ ಆಗುವ ಮಾತಲ್ಲ. 1869ರಲ್ಲಿ ಸರ್ಕಾರ ಹಿಂದೂಸ್ತಾನದ ದನದ ರೋಗಗಳ ವಿಚಾರಣೆಗೆ ಒಂದು ಆಯೋಗ ಮಾಡಿತು, 1871ರಲ್ಲಿ ವರದಿ ಬಂತು. ರೋಗದ ದನ ಬೇರೆ ಕಟ್ಟಿ ಅನ್ನುವುದೇ ಇಲ್ಲಿ ಉಳಿದ ದಾರಿ. ಅಷ್ಟರಲ್ಲಿ 1876ರಿಂದ 78ರವರೆಗೆ ಧಾತು ಈಶ್ವರ ಸಂವತ್ಸರಗಳ ಬರ. ಮೇವಿಲ್ಲದೆ ಸತ್ತದ್ದೆಷ್ಟು, ರೋಗದಿಂದ ಸತ್ತದ್ದೆಷ್ಟು ಅಂತ ಬೇರೆ ಮಾಡುವುದು ಹೇಗೆ?

ಊರವರು ಮಾಡುತ್ತಿದ್ದುದನ್ನು ತಾತ ಹೇಳುತ್ತಿದ್ದ. ಕರುಗಲ್ಲಿಗೆ ಪೂಜೆ, ದನಗಳಿಗೆ ಬರೆ, ಮಾರಿಯನ್ನು ಊರ ಗಡಿ ದಾಟಿಸುವುದು. ಬರೆಯಿಂದ ದನಕ್ಕೆ ನೋವಾಯಿತೇ ಹೊರತು ಗುಣ ಕಾಣಲಿಲ್ಲ. ಆದರೆ ಪೂಜೆ ಮುಗಿಯುವ ತನಕ ಹೊರಗಿನ ದನ ಒಳಗೆ ಬಿಡಬಾರದು, ಊರ ದನ ಹೊರಗೆ ಹೋಗಬಾರದು ಅನ್ನುವ ಕಟ್ಟು ಇತ್ತಂತೆ. ಆಯೋಗ ಹೇಳಿದ್ದೂ ಅದನ್ನೇ ಅಲ್ಲವೇ? ಇನ್ನೊಂದು ಮಾತು: ಒಮ್ಮೆ ರೋಗ ಬಂದು ಬದುಕಿದ ದನಕ್ಕೆ ಅದು ಮತ್ತೆ ಬರುವುದಿಲ್ಲ. ಲಸಿಕೆಯ ಬೇರು ಇರುವುದೇ ಇಲ್ಲಿ.

1889ರಲ್ಲಿ ಪುಣೆಯಲ್ಲಿ ಪ್ರಯೋಗಶಾಲೆ ತೆರೆದು, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಲಿಂಗಾರ್ಡ್ ಅನ್ನುವವರು ಮುಖ್ಯಸ್ಥರು. ರೋಗದಿಂದ ಸತ್ತ ದನದ ಪಿತ್ತರಸ ಚುಚ್ಚಿದರೆ ಇತರ ದನ ಉಳಿಯುತ್ತವೆ ಅಂತ ಆಫ್ರಿಕದಲ್ಲಿ ತೋರಿಸಿದ ಜರ್ಮನಿಯ ಕಾಖ್ 1897ರಲ್ಲಿ ಅಲ್ಲಿಗೆ ಬಂದು ಹೋದರು. ಆಮೇಲೆ ಸೀರಂ ಬಂತು. ಬೆಂಗಳೂರಿನ ಹೆಬ್ಬಾಳದಲ್ಲೂ 1925ರಲ್ಲಿ ಸೀರಂ ಸಂಸ್ಥೆ ಶುರುವಾಯಿತು. ಸೀರಂ ಕೆಲವು ದಿನ ಮಾತ್ರ ಕಾಯುತ್ತದೆ. 1920ರ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್ ರೋಗದ ವಿಷವನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋದರು. ದನದ ಮಟ್ಟಿಗೆ ಅದು ಸಪ್ಪೆಯಾಯಿತು, ಲಸಿಕೆಯಾಯಿತು. 1954ರಿಂದ ದೇಶದ ತುಂಬ ಹಾಕಿದರು. ಲಸಿಕೆಯವರು ಬಂದರೆ ದನ ಅಡಗಿಸುತ್ತಿದ್ದವರು ನಮ್ಮೂರಲ್ಲೂ ಇದ್ದರು.

ದೇಶದಲ್ಲಿ ಕೊನೆಯ ದೊಡ್ಡರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತು ಅಂತ ಸಾರಿದರು. ದನದ ರೋಗಗಳಲ್ಲಿ ಹೀಗೆ ನಿರ್ನಾಮವಾದದ್ದು ಇದೊಂದೇ.

ಅದರ ತಮ್ಮ ಮಾತ್ರ ಉಳಿದಿದ್ದಾನೆ. ಕುರಿ ಆಡಿಗೆ ಬರುವ ಪಿಪಿಆರ್ ಇದೇ ಜಾತಿಯದು: ಅದೇ ಜ್ವರ, ಬಾಯಿ ಹುಣ್ಣು, ಭೇದಿ. ಅದಕ್ಕೆ ಲಸಿಕೆ ಇದೆ, ಒಮ್ಮೆ ಹಾಕಿದರೆ ಮೂರು ವರ್ಷ ತಡೆಯುತ್ತದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಜೋರಾಗಿ ಹರಡಿದ ಚರ್ಮಗಂಟು ರೋಗ ಬೇರೆ ಜಾತಿ. ಅದನ್ನು ನೊಣ, ಸೊಳ್ಳೆ, ಉಣ್ಣೆ ಹರಡುವುದರಿಂದ ಬೇರೆ ಕಟ್ಟಿದರಷ್ಟೇ ಸಾಲದು, ಕೊಟ್ಟಿಗೆಗೆ ಹೊಗೆಯನ್ನೂ ಹಾಕಬೇಕು. ಆಗ ಆಡಿನ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದರು. ನಮ್ಮ ಬೀದಿಯಲ್ಲಿ ಹಾಲು ಕಡಿಮೆಯಾಗುತ್ತದೆ ಅಂತ ಬೇಡವೆಂದವರು ಮೂರು ಮನೆಯವರು. ಜಾತ್ರೆಯಿಂದ ತಂದ ರಾಸನ್ನು ಮೂರು ವಾರ ಬೇರೆ ಗೂಟಕ್ಕೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕುಡಿಸುವವರು ಇನ್ನೂ ಕಡಿಮೆ.