ಕಡಿಮೆ ಖರ್ಚಿನಲ್ಲಿ ದೇಹಪುಷ್ಟಿ: ಕಾಳುಕಡಿಗಳ ಮಹತ್ವ

ಕೆಲವು ತಿಂಗಳುಗಳ ಹಿಂದೆ ನಮ್ಮ ಚಿಕಿತ್ಸಾಲಯಕ್ಕೆ ಕೂಲಿ ಮಾಡಿ ಬದುಕುವ ತಾಯಿಯೊಬ್ಬರು ಬಂದಿದ್ದರು. ವಯಸ್ಸು ನಲವತ್ತರೊಳಗೆ. ನಾಲ್ಕು ಹೆಜ್ಜೆ ನಡೆದರೆ ಆಯಾಸ, ಕೂದಲುದುರುವಿಕೆ, ಗಾಯ ಬೇಗ ಮಾಯದಿರುವುದು ಅವರ ತೊಂದರೆಗಳು. ಯಾರದೋ ಮಾತು ಕೇಳಿ, ಸಾಲ ಮಾಡಿ ಪ್ರೋಟೀನ್ ಪುಡಿಯ ಡಬ್ಬಿಯೊಂದನ್ನು ಕೊಂಡಿದ್ದರು. ನಿತ್ಯ ಏನು ಉಣ್ಣುತ್ತೀರೆಂದು ಕೇಳಿದೆವು. “ರೊಟ್ಟಿ, ಖಾರ, ಎಲ್ಲರೂ ಉಂಡ ಮೇಲೆ ಉಳಿದ ಸಾರು” ಎಂದರು. ರಕ್ತಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದಿತಾದರೂ, ದೌರ್ಬಲ್ಯದ ಮೂಲವನ್ನು ಅವರ ಉತ್ತರವೇ ಹೇಳಿತ್ತು.

ಆಯುರ್ವೇದವು ಮಾಂಸಧಾತುವೆಂದು ಕರೆಯುವ ಸ್ನಾಯುಗಳ ಪೋಷಣೆಗೆ ಪ್ರೋಟೀನ್ ಅವಶ್ಯಕ. ಮಾಂಸಾಹಾರವಿಲ್ಲದ ಮನೆಯಲ್ಲಿ ಇದು ದೊರೆಯಲಾರದು, ದೊರೆತರೂ ದುಬಾರಿ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ, 65 ಕಿಲೋ ತೂಕದ ಪುರುಷನಿಗೆ 54 ಗ್ರಾಂ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಇನ್ನು ಲೆಕ್ಕ ನೋಡೋಣ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ತೊಗರಿಬೇಳೆ, ಹೆಸರು, ಹುರುಳಿಗಳಲ್ಲಿ 22 ಗ್ರಾಂ, ಶೇಂಗಾದಲ್ಲಿ 23 ಗ್ರಾಂ, ಸೋಯಾ ಅವರೆಯಲ್ಲಿ 35 ಗ್ರಾಂಗೂ ಮೇಲೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವಷ್ಟು ಪ್ರೋಟೀನ್ 150 ಗ್ರಾಂ ಹುರುಳಿಯಲ್ಲಿದೆ. ಬೆಲೆ ಮಾತ್ರ ಬಹಳ ಕಡಿಮೆ.

ಆದ್ದರಿಂದ ದಿನಕ್ಕೆ 200 ಗ್ರಾಂ ಹಿಟ್ಟಿನ ನಾಲ್ಕು ರೊಟ್ಟಿ, 75 ಗ್ರಾಂ ಬೇಳೆಕಾಳು, ಒಂದು ಹಿಡಿ ಶೇಂಗಾ, ಕಾಲು ಲೀಟರ್ ಹಾಲು ಅಥವಾ ಮೊಸರು ಸಂದರೆ ಸುಮಾರು 50 ಗ್ರಾಂ ಪ್ರೋಟೀನ್ ದೊರೆಯುತ್ತದೆ. ದುಡಿಯುವ ಪುರುಷನಿಗೆ ಇನ್ನೊಂದು ರೊಟ್ಟಿ ಸೇರಿದರೆ ಸಾಕು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಾಗುವ ಮೆಥಿಯೋನಿನ್ ಜೋಳದಲ್ಲಿದೆ. ರೊಟ್ಟಿಯೊಡನೆ ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿದ ನಮ್ಮ ಹಿರಿಯರ ಊಟದಲ್ಲಿ ಈ ಕೊರತೆ ತಾನಾಗಿಯೇ ತುಂಬುತ್ತಿತ್ತು.

ಕಾಳುಗಳನ್ನು ರಾತ್ರಿಯಿಡೀ ನೆನೆಸಿ ಮೊಳಕೆ ಬರಿಸಿ ಬೇಯಿಸಿದರೆ ಜೀರ್ಣಕ್ಕೆ ಹಗುರವಾಗುತ್ತವೆ, ಅವುಗಳಲ್ಲಿನ ಕಬ್ಬಿಣಾಂಶವೂ ಹೆಚ್ಚು ದಕ್ಕುತ್ತದೆ. ವಾಯುವಿನ ತೊಂದರೆಯುಳ್ಳವರು ಶುಂಠಿ, ಜೀರಿಗೆ, ಇಂಗು ಸೇರಿಸಬೇಕು. ಅಡುಗೆ ಸೋಡಾ ಬೇಡ. ಅದು ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಹುರುಳಿಯ ಕಟ್ಟನ್ನು ತಾವು ಉಂಡು ಕಾಳನ್ನು ಎತ್ತಿಗೆ ಹಾಕುವ ಮನೆಗಳನ್ನು ಕಂಡಿದ್ದೇವೆ. ಪ್ರೋಟೀನಿನ ಬಹುಭಾಗ ಉಳಿಯುವುದು ಕಾಳಿನಲ್ಲಿಯೇ. ಅದನ್ನು ಉಸುಳಿ ಮಾಡಿ ಉಣ್ಣಬೇಕು. ಬೂಷ್ಟು ಹಿಡಿದ ಶೇಂಗಾ ಯಕೃತ್ತಿಗೆ ವಿಷ. ಅದನ್ನು ಆರಿಸಿ ಎಸೆಯಬೇಕು.

ಹುರುಳಿ ಉಷ್ಣವೀರ್ಯವುಳ್ಳದ್ದು. ಆಮ್ಲಪಿತ್ತ, ಅತಿ ರಕ್ತಸ್ರಾವ ಇರುವವರು ಅದರ ಬದಲು ಹೆಸರನ್ನು ಬಳಸುವುದು ಲೇಸು. ಚರಕಸಂಹಿತೆಯು ದ್ವಿದಳ ಧಾನ್ಯಗಳಲ್ಲಿ ಹೆಸರನ್ನೇ ಶ್ರೇಷ್ಠವೆಂದು ಎಣಿಸಿದೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕಾಳುಗಳ ಪ್ರಮಾಣವನ್ನು ಹೆಚ್ಚಿಸಬಾರದು.

ಇನ್ನೊಂದು ಮಾತು. ಮನೆಯಲ್ಲಿ ಹಸು, ಎಮ್ಮೆ ಕಟ್ಟಿಕೊಂಡಿದ್ದರೂ ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಕಪ್ಪು ಚಹಾ ಕೊಡುವ ಕುಟುಂಬಗಳಿವೆ. ಕಾಸಿನ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಕಾಳುಗಳಲ್ಲಿ ಬಿ12 ಜೀವಸತ್ವವಿಲ್ಲ. ಸಸ್ಯಾಹಾರಿಗಳಿಗೆ ಆಹಾರದಿಂದ ಅದು ದಕ್ಕುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಗಳಿಂದ. ಕರುವಿನ ಪಾಲನ್ನು ಬಿಟ್ಟು ಕರೆದ ಹಾಲಿನಲ್ಲಿ ಮನೆಯ ಮಕ್ಕಳ ಪಾಲನ್ನು ತೆಗೆದಿರಿಸಿ, ಉಳಿದುದನ್ನು ಮಾರಿರಿ.

ಕೊನೆಯದಾಗಿ, ಅಡುಗೆಯ ಪಾತ್ರೆಯಲ್ಲಿ ಬೇಳೆ ಇದ್ದರೆ ಸಾಲದು, ಅದು ಎಲ್ಲರ ತಟ್ಟೆಗೂ ಬರಬೇಕು. ಎಲ್ಲರ ಹಿಂದೆ ಉಣ್ಣುವವರಿಗೆ ಸಾರಿನ ತಿಳಿ ಮಾತ್ರ ಸಿಗುತ್ತದೆ. ಮಠದ ದಾಸೋಹದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಪ್ರಸಾದ. ಮನೆಯಲ್ಲಿ ಮಾತ್ರ ತಾಯಿ ಏಕೆ ಹಿಂದುಳಿಯಬೇಕು? ಆ ತಾಯಿಗೆ ರಕ್ತವೃದ್ಧಿಯ ಔಷಧ ಕೊಟ್ಟೆವು, ಆಹಾರಕ್ರಮ ತಿಳಿಸಿದೆವು. ಬಳಿಕ ಜೊತೆಗೆ ಬಂದಿದ್ದ ಪತಿಯತ್ತ ತಿರುಗಿ, “ಇಂದಿನಿಂದ ಇವರನ್ನು ನಿಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿಕೊಳ್ಳಿರಿ” ಎಂದೆವು. ಈ ಪಥ್ಯಕ್ಕೆ ಒಂದು ಕಾಸೂ ತಗಲುವುದಿಲ್ಲ.