ಕಣ್ಣು ಕಾಣುತ್ತಿದೆ ಎಂಬ ಧೈರ್ಯ

ಪೇಪರ್ ಓದಲು ಆಗುತ್ತದೆ, ದೂರದ ಬಸ್ಸಿನ ಬೋರ್ಡೂ ಕಾಣುತ್ತದೆ, ಮತ್ತೇಕೆ ಕಣ್ಣಿನ ಡಾಕ್ಟರು? ಸಕ್ಕರೆ ಕಾಯಿಲೆ ಇರುವ ಬಹಳ ಮಂದಿಯ ಈ ಪ್ರಶ್ನೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಬರುವ ಡಯಾಬಿಟಿಕ್ ರೆಟಿನೋಪತಿ ನೋಟವನ್ನು ಕೆಡಿಸುವುದು ತೀರಾ ತಡವಾಗಿ. ವರ್ಷಗಟ್ಟಲೆ ಏರಿದ ಸಕ್ಕರೆಯಿಂದ ಕಣ್ಣಿನ ಒಳಪದರವಾದ ರೆಟಿನಾದ ಅತಿ ಸೂಕ್ಷ್ಮ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಅಲ್ಲಲ್ಲಿ ಪುಟ್ಟ ಉಬ್ಬುಗಳೇಳುತ್ತವೆ, ರಕ್ತ ಜಿನುಗುತ್ತದೆ, ಕೆಲವು ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಾಲದ ಕಡೆ ಬಲವಿಲ್ಲದ ಹೊಸ ನಾಳಗಳು ಹುಟ್ಟುತ್ತವೆ. ನೋಟದ ನಡುಭಾಗವಾದ ಮ್ಯಾಕ್ಯುಲಾ ಊದಿಕೊಳ್ಳುವವರೆಗೆ ಅಥವಾ ಆ ಹೊಸ ನಾಳಗಳು ಒಡೆಯುವವರೆಗೆ ನೋವೂ ಇರುವುದಿಲ್ಲ, ಮಂಜೂ ಕವಿಯುವುದಿಲ್ಲ. ಹಾಗಾಗಿ ಈ ಕಾಯಿಲೆಯಲ್ಲಿ ಸ್ವಂತ ಕಾಳಜಿ ಎಂದರೆ ಮೊದಲಿಗೆ ಸ್ವಂತ ಕಣ್ಣಿನ ಸಾಕ್ಷ್ಯವನ್ನು ನಂಬದಿರುವುದು. ಟೈಪ್ 2 ಇರುವವರು ಕಾಯಿಲೆ ಗೊತ್ತಾದ ಕೂಡಲೇ, ಆಮೇಲೆ ಡಾಕ್ಟರು ಬೇರೆ ಹೇಳದಿದ್ದರೆ ವರ್ಷಕ್ಕೊಮ್ಮೆ, ಹನಿ ಹಾಕಿಸಿ ಪಾಪೆ ಅಗಲಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಶುಗರ್ ಹತೋಟಿಯಲ್ಲಿದ್ದರೆ ಸಾಲದೇ ಎನ್ನುವವರಿದ್ದಾರೆ. ಹತೋಟಿಯ ಬಲ ದೊಡ್ಡದೇ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಕಾಯಿಲೆಯ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿ ಹತೋಟಿಯಿಂದ ರೆಟಿನೋಪತಿ ಹೊಸದಾಗಿ ಬರುವ ಅಪಾಯ ಶೇ. 76ರಷ್ಟು ಇಳಿಯಿತು. ಆದರೆ ಇಳಿಯಿತೇ ಹೊರತು ಇಲ್ಲವಾಗಲಿಲ್ಲ. ಹಳೆಯ ವರ್ಷಗಳ ಏರು ಸಕ್ಕರೆಯ ಪರಿಣಾಮವೂ ಬೇಗ ಅಳಿಯುವುದಿಲ್ಲ. ಇನ್ನು, ಶುಗರ್ ಚೀಟಿಯನ್ನೇ ನೋಡುತ್ತ ಕೂತವರು ಬಿಪಿಯನ್ನು ಮರೆತುಬಿಡುತ್ತಾರೆ. ಬ್ರಿಟನ್ನಿನಲ್ಲಿ ಟೈಪ್ 2 ಕಾಯಿಲೆಯವರ ಬಗ್ಗೆ ನಡೆದು 1998ರಲ್ಲಿ ಹೊರಬಂದ ಅಧ್ಯಯನದಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ಇಳಿಸಿದವರಲ್ಲಿ ರೆಟಿನೋಪತಿ ಉಲ್ಬಣಿಸುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಬಿಪಿ ಮಾತ್ರೆಯೂ ಕಣ್ಣಿನ ಔಷಧವೇ ಎಂದು ನಮ್ಮಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನೀವೇ ನೋಡಿಕೊಳ್ಳಿ ಎನ್ನುವುದು ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುವ ಉಪಾಯ ಎಂಬುದು. ಇದರಲ್ಲಿ ಸತ್ಯವಿದೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಸುಕು. ಜೊತೆಗೊಬ್ಬರು ಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಆಗಲೇ ನೋಟ ಮಂಕಾದವರಿಗೆ ಸಿರಿಂಜಿನ ಗೆರೆ, ಗ್ಲುಕೋಮೀಟರಿನ ಅಂಕಿ, ಮಾತ್ರೆ ಹಾಳೆಯ ಮೇಲಿನ ಹೆಸರು ಯಾವುದೂ ಕಾಣುವುದಿಲ್ಲ; ಅವರಿಗೆ ಶಿಸ್ತಿನ ಪಾಠ ಹೇಳುವುದು ಕ್ರೌರ್ಯವೇ ಸರಿ. ಆದರೆ ಈ ಹೊರೆಯನ್ನು ವ್ಯವಸ್ಥೆಯೂ ಹೊರಬಹುದು: ಇಂಗ್ಲೆಂಡಿನಲ್ಲಿ 2003ರಿಂದ ರೆಟಿನಾದ ಫೋಟೊ ತೆಗೆಯಲು ಜನರನ್ನು ಪತ್ರ ಬರೆದು ಕರೆಯುವ ವ್ಯವಸ್ಥೆ ಬಂತು. ಅಲ್ಲಿ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಐದು ದಶಕ ಮೊದಲ ಕಾರಣವೆನಿಸಿದ್ದ ಮಧುಮೇಹದ ಕಣ್ಣಿನ ಕಾಯಿಲೆ 2009-10ರ ಹೊತ್ತಿಗೆ ಆ ಸ್ಥಾನದಿಂದ ಕೆಳಗಿಳಿದಿತ್ತು. ಇದರ ಹಿಂದೆ ಈ ತಪಾಸಣೆಯೂ ಇರಬಹುದೆಂದು ಸಂಶೋಧಕರು ಬರೆದರು. ಕರೆಯುವವರಿದ್ದಾಗ ಹೋಗುವುದು ಸುಲಭ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ನಮ್ಮ ದೇಶದಲ್ಲಿ ಶುಗರ್ ನೋಡುವ ಕಡೆಯೇ ಕಣ್ಣಿನ ಫೋಟೊವೂ ಸಿಗುವಂತಾಗಬೇಕು. ಅದನ್ನು ಕೇಳಿ ಪಡೆಯುವುದೂ ರೋಗಿಯ ಸ್ವಂತ ಕಾಳಜಿಯೇ.

ರೋಗಿಗಳ ಇನ್ನೊಂದು ಮಾತೂ ಇದೆ. ಇನ್ಸುಲಿನ್ ಶುರುಮಾಡಿದ ಮೇಲೆಯೇ ಕಣ್ಣು ಹೋಯಿತು ಎಂಬ ಆ ದೂರನ್ನು ಡಾಕ್ಟರುಗಳು ನಕ್ಕು ತಳ್ಳಿಹಾಕಬಾರದು. 1993ರ ಅದೇ ಅಧ್ಯಯನದಲ್ಲಿ ಆರಂಭದ ತಿಂಗಳುಗಳಲ್ಲಿ ಬಿಗಿ ಹತೋಟಿಯ ಗುಂಪಿನ ನೂರಕ್ಕೆ ಸುಮಾರು 13 ಜನರ ರೆಟಿನಾ ಕೆಟ್ಟಿತ್ತು. ಮಾಮೂಲಿ ಚಿಕಿತ್ಸೆಯ ಇನ್ನೊಂದು ಗುಂಪಿನಲ್ಲಿ ಸುಮಾರು 8. ವರ್ಷಗಳು ಕಳೆದಂತೆ ಲಾಭವಾದದ್ದು ಬಿಗಿ ಹತೋಟಿಯವರಿಗೇ. ಆದ್ದರಿಂದ ಬಹುಕಾಲ ಏರಿದ್ದ ಶುಗರ್ ಅನ್ನು ಒಮ್ಮೆಲೇ ಇಳಿಸಲು ಹೊರಟವರು ಇನ್ಸುಲಿನ್ ಬಿಡಬೇಕಿಲ್ಲ. ಶುರುಮಾಡುವ ಮುಂಚೆ ಒಮ್ಮೆ ರೆಟಿನಾ ತೋರಿಸಿ, ಮೊದಲ ವರ್ಷ ಎಷ್ಟು ತಿಂಗಳಿಗೊಮ್ಮೆ ಬರಬೇಕೆಂದು ಅಲ್ಲೇ ಕೇಳಿ ಬರೆಸಿಕೊಳ್ಳಬೇಕು.